ನವೆಂಬರ್ 23ಕ್ಕೆ ಡಾಕ್ಟರ್ ಹೂ: ಸ್ಕಾರ್ಫ್, ಟಾರ್ಡಿಸ್ ಕೇಕು, ಹಳೆಯ ಗೊಂಬೆಗಳು

ನೀಲಿಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಡಾಕ್ಟರ್‌ನ ಕಥೆ ಹೇಳುವ ಟಿವಿ ಸರಣಿ ಡಾಕ್ಟರ್ ಹೂ ಮೊದಲ ಸಲ ಬಿಬಿಸಿಯಲ್ಲಿ ಬಂದದ್ದು 1963ರ ನವೆಂಬರ್ 23ರಂದು. ಈ ಸಲ ಆ ದಿನ ಕಾರ್ಡಿಫ್‌ನ ನಮ್ಮ ಮನೆಯಲ್ಲಿ ಹದಿನೈದು ಜನ ಸೇರುತ್ತಿದ್ದೇವೆ. ಅರ್ಧಕ್ಕರ್ಧ ಕನ್ನಡದ ಕುಟುಂಬಗಳು. ಡಾಕ್ಟರ್ ಪಾತ್ರ ಮಾಡಿದ್ದ ಟಾಮ್ ಬೇಕರ್ ಹಾಕುತ್ತಿದ್ದ ಉದ್ದನೆ ಸ್ಕಾರ್ಫ್ ಹೆಣೆಯಬೇಕು, ನಿಂತ ಟಾರ್ಡಿಸ್ (ನೀಲಿ ಪೊಲೀಸ್ ಪೆಟ್ಟಿಗೆಯ ಹಾಗೆ ಕಾಣುವ ಡಾಕ್ಟರ್‌ನ ಕಾಲಯಂತ್ರ) ಕೇಕು ಮಾಡಬೇಕು, ಮೇಜಿನ ಮೇಲೆ ಒಂದಷ್ಟು ಹಳೆಯ ಗೊಂಬೆ, ಪುಸ್ತಕ ಜೋಡಿಸಬೇಕು ಅಂತ ಆಸೆ. ಸ್ಕಾರ್ಫಿಗೆ ಹತ್ತು ವಾರ ಸಮಯವಿದೆ. ಉಣ್ಣೆ ಎಷ್ಟು ಬೇಕು? ಕೇಕು ವಾಲದ ಹಾಗೆ ನಿಲ್ಲಿಸುವುದು ಹೇಗೆ? ಹಳೆಯ ಸಾಮಾನು ಕೊಳ್ಳುವಾಗ ಏನು ನೋಡಬೇಕು?

ಉಣ್ಣೆಉಂಡೆ

ಮೊದಲು ಯಾವ ಸ್ಕಾರ್ಫ್ ಅಂತ ತೀರ್ಮಾನ ಮಾಡಿ. 1974ರದ್ದು ಏಳು ಬಣ್ಣದ್ದು: ನೇರಳೆ, ಒಂಟೆ ಬಣ್ಣ, ಕಂಚು, ಸಾಸಿವೆ ಹಳದಿ, ಇಟ್ಟಿಗೆ ಕೆಂಪು, ಬೂದು, ಹಸಿರು ಬೆರೆತ ಕಂದು. 1980ರಲ್ಲಿ ಜೂನ್ ಹಡ್ಸನ್ ವಿನ್ಯಾಸ ಮಾಡಿದ್ದು ಬರೀ ಕೆಂಪು, ನೇರಳೆ ಛಾಯೆಗಳದ್ದು. ನೋಡಿದ ಕೂಡಲೇ ಗುರುತು ಸಿಗುವುದು ಮೊದಲನೆಯದೇ. ಅದನ್ನೇ ಮಾಡಿ.

ವಸ್ತ್ರವಿನ್ಯಾಸಕ ಜೇಮ್ಸ್ ಆಚೆಸನ್ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಉಣ್ಣೆ ಕೊಟ್ಟರು, ಹೆಣೆದ ಬೆಗೋನಿಯಾ ಪೋಪ್ ಅಷ್ಟನ್ನೂ ಹೆಣೆದು ಮುಗಿಸಿದರು. ಆ ಉದ್ದ ಬಂದದ್ದು ಹಾಗೆ. ಪಟ್ಟೆಗಳಿಗೂ ಒಂದು ಕ್ರಮ ಇಲ್ಲ. ಸಮ ಅಗಲದ ಪಟ್ಟೆ ಹಾಕಿದಿರೋ, ಅದು ಯಾವುದೋ ಕಾಲೇಜಿನ ಸ್ಕಾರ್ಫ್ ಆಗುತ್ತದೆ. 8 ಸಾಲಿನ ಪಟ್ಟೆಯ ಪಕ್ಕದಲ್ಲೇ 50 ಸಾಲಿನದ್ದು ಬರಲಿ. ದೊಡ್ಡ ಪಟ್ಟೆಗಳನ್ನು ಒಂಟೆ ಬಣ್ಣಕ್ಕೆ ಬಿಡಿ.

4 ಮಿ.ಮೀ. ಕಡ್ಡಿ, ಡಿಕೆ (ಮಧ್ಯಮ) ದಪ್ಪದ ಉಣ್ಣೆ, 60 ಹೊಲಿಗೆ. ಎರಡೂ ಬದಿ ಬರೀ ನಿಟ್, ಪರ್ಲ್ ಬೇಡ. 10 ಸೆಂ.ಮೀ.ಗೆ 22 ಹೊಲಿಗೆ, 40 ಸಾಲು ಬಂದರೆ ಅಗಲ ಸುಮಾರು 27 ಸೆಂ.ಮೀ. ಮೊದಲೊಂದು ತುಂಡು ಹೆಣೆದು ಎಣಿಸಿಕೊಳ್ಳಿ, ಕೈ ಸಡಿಲವಿದ್ದರೆ ಲೆಕ್ಕವೆಲ್ಲ ಬದಲಾಗುತ್ತದೆ. ಈ ಹೆಣಿಗೆ ತನ್ನ ಭಾರಕ್ಕೇ ಉದ್ದಕ್ಕೆ ಜಗ್ಗುವುದರಿಂದ 12 ಅಡಿ ಆಗುವವರೆಗೆ ಹೆಣೆಯಬೇಡಿ. 3.2 ಮೀಟರಿಗೆ ನಿಲ್ಲಿಸಿ. ಅಷ್ಟಕ್ಕೆ 1280 ಸಾಲು. ದಿನಕ್ಕೆ 20 ಸಾಲು ಹಾಕಿದರೆ 64 ದಿನ, ನಿಮ್ಮ ಹತ್ತು ವಾರದೊಳಗೆ ಮುಗಿಯುತ್ತದೆ. ಉಣ್ಣೆ ಒಟ್ಟು 600 ಗ್ರಾಂ ಹಿಡಿಯುತ್ತದೆ. ಒಂಟೆ ಬಣ್ಣ 150 ಗ್ರಾಂ ಇಟ್ಟುಕೊಂಡು, ಉಳಿದ ಆರು ಬಣ್ಣ ತಲಾ 100 ಗ್ರಾಂ ತಂದರೆ ಕುಚ್ಚಿಗೂ ಸಾಕು.

ಹೆಚ್ಚಿನವರ ಕೆಲಸ ಕೆಡುವುದು ಬಣ್ಣ ಬದಲಿಸುವಲ್ಲಿ. ಪ್ರತಿ ಪಟ್ಟೆಯೂ ಸರಿಸಂಖ್ಯೆಯ ಸಾಲುಗಳದ್ದಾಗಿರಲಿ, ಹೊಸ ಬಣ್ಣ ಯಾವಾಗಲೂ ಒಂದೇ ಬದಿಯಿಂದ ಶುರುವಾಗಲಿ. ಹಾಗಾದರೆ ಮುಂಭಾಗದಲ್ಲಿ ಗೆರೆ ಸ್ವಚ್ಛವಾಗಿರುತ್ತದೆ. ಒಂದೇ ಒಂದು ಸಾಲು ತಪ್ಪಿದರೂ ಎರಡು ಬಣ್ಣ ಕಲೆತ ಚುಕ್ಕೆ ಸಾಲು ಮುಂದೆ ಬರುತ್ತದೆ, ಅಲ್ಲಿಂದಾಚೆಯ ಪಟ್ಟೆಗಳೆಲ್ಲ ತಲೆಕೆಳಗು. ಉಳಿದ ಎಳೆಯನ್ನು 15 ಸೆಂ.ಮೀ. ಬಿಟ್ಟು ಕತ್ತರಿಸಿ, ಅದೇ ಬಣ್ಣದ ಪಟ್ಟೆಯೊಳಗೆ ಆಗಿಂದಾಗ್ಗೆ ಹೊಲಿದು ಮುಚ್ಚಿ. ಕೊನೆಗೆ ಮಾಡೋಣ ಅಂದರೆ ನೂರಕ್ಕೂ ಮಿಕ್ಕಿ ಎಳೆಗಳು ಕಾದಿರುತ್ತವೆ.

ನೇರಳೆ, ಇಟ್ಟಿಗೆ ಕೆಂಪು ಎಳೆಗಳನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒಂದು ರಾತ್ರಿ ಸುತ್ತಿಟ್ಟು ಬಣ್ಣ ಬಿಡುತ್ತದೆಯೇ ನೋಡಿ. ಅಕ್ರಿಲಿಕ್ ಆದರೆ ಇಸ್ತ್ರಿಯ ಹಬೆ ತಾಗಿಸಲೇಬೇಡಿ. ಒಮ್ಮೆ ಜೋತುಬಿದ್ದರೆ ಮತ್ತೆ ಪುಟಿಯುವುದಿಲ್ಲ. ಮಕ್ಕಳಿಗೂ ಒಂದು ಬೇಕಿದ್ದರೆ 30 ಹೊಲಿಗೆಯ ಗಿಡ್ಡ ಸ್ಕಾರ್ಫ್ ಮಾಡಿ. ಉದ್ದದ್ದನ್ನು ಹಾಕಿಕೊಂಡು ಜೋಕಾಲಿ, ಸೈಕಲ್ ಹತ್ತಿದರೆ ಕುತ್ತಿಗೆಗೇ ಅಪಾಯ.

ಸಕ್ಕರೆಪಾಕ

ಕೇಕಿನ ವಿಷಯ. 12 ಸೆಂ.ಮೀ. ಚೌಕ, 24 ಸೆಂ.ಮೀ. ಎತ್ತರ. ಅಗಲದ ಎರಡರಷ್ಟು ಎತ್ತರ ಇದ್ದರೆ ಪೆಟ್ಟಿಗೆಯ ಗತ್ತು ಬರುತ್ತದೆ. ಸ್ಪಂಜ್ ಕೇಕು ಭಾರ ತಡೆಯದೆ ಕುಸಿಯುತ್ತದೆ, ಗಟ್ಟಿಯಾದ ಬೆಣ್ಣೆ ಕೇಕು, ಅಂದರೆ ಮದೀರಾ ಕೇಕೇ ಸರಿ. ಒಂದು ಸಲಕ್ಕೆ: ಬೆಣ್ಣೆ 350 ಗ್ರಾಂ, ಸಕ್ಕರೆ 350, ಸೆಲ್ಫ್ ರೈಸಿಂಗ್ ಹಿಟ್ಟು 350, ಮೈದಾ 175, ಮೊಟ್ಟೆ 6. ಇದನ್ನು 25 ಸೆಂ.ಮೀ. ಚೌಕದ ಟಿನ್ನಿಗೆ ಹಾಕಿ 160 ಡಿಗ್ರಿಯಲ್ಲಿ ಬೇಯಿಸಿ, 50 ನಿಮಿಷದ ನಂತರ ಕಡ್ಡಿ ಚುಚ್ಚಿ ನೋಡಿ. ಒಂದು ಟಿನ್ನಿನಿಂದ 12 ಸೆಂ.ಮೀ.ಯ ನಾಲ್ಕು ಚೌಕ ಸಿಗುತ್ತವೆ. ಎರಡು ಸಲ ಮಾಡಿ ಆರು ಚೌಕ ಪೇರಿಸಿ, ಉಳಿದೆರಡರಲ್ಲಿ ಮೆಟ್ಟಿಲು ಮೆಟ್ಟಿಲಾದ ಚಾವಣಿ ಕತ್ತರಿಸಿಕೊಳ್ಳಿ.

ವಾಲದಿರಲು: ಮೂರು ಚೌಕದ ಮೇಲೆ ತೆಳು ಕೇಕ್ ಬೋರ್ಡ್ ಇಡಬೇಕು. ಅದರ ಕೆಳಗೆ ನಾಲ್ಕು ಆಧಾರಕಡ್ಡಿ, ನಾಲ್ಕೂ ಒಂದೇ ಎತ್ತರಕ್ಕೆ ಕತ್ತರಿಸಿದವು. 2 ಮಿ.ಮೀ. ಹೆಚ್ಚುಕಮ್ಮಿ ಆದರೂ ಮೇಲಿನ ಅರ್ಧ ಓರೆಯಾಗುತ್ತದೆ. ಆಮೇಲೆ ಮೇಲಿಂದ ತಳದವರೆಗೆ ಒಂದು ಉದ್ದ ಕಡ್ಡಿ ಇಳಿಸಿ. ಬೋರ್ಡಿನ ನಡುವೆ ತೂತು ಮೊದಲೇ ಮಾಡಿಟ್ಟಿರಬೇಕು.

ಮೇಲೆ ಬಳಿಯಲು, ನಡುವೆ ಹಚ್ಚಲು ಗನಾಶ್: ಕಪ್ಪು ಚಾಕಲೇಟು 800 ಗ್ರಾಂ, ಕ್ರೀಮ್ 400. ಬೆಣ್ಣೆ ಐಸಿಂಗ್ ಮೆತ್ತಗಾಗಿ ಮೂಲೆ ಗುಂಡಾಗುತ್ತದೆ. ಗನಾಶ್ ಒಂದು ರಾತ್ರಿ ಗಟ್ಟಿಯಾಗಲಿ.

ಫಾಂಡಂಟ್ (ಲಟ್ಟಿಸಿ ಹೊದಿಸುವ ಸಕ್ಕರೆ ಕಣಕ) 1 ಕೆ.ಜಿ., ನೀಲಿ ಬಣ್ಣದ್ದನ್ನೇ ತನ್ನಿ. ಬಿಳಿಯದಕ್ಕೆ ಜೆಲ್ ಬಣ್ಣ ಕಲಸಿ ಅಷ್ಟು ಗಾಢ ನೀಲಿ ತರಲು ಹೋದರೆ ಅಂಟಂಟಾಗುತ್ತದೆ, ತಿಂದವರ ನಾಲಿಗೆಯೂ ನೀಲಿ. ಪೂರ್ತಿ ಹಾಳೆಯನ್ನು ಕೇಕಿನ ಮೇಲೆ ಹೊದಿಸಲು ಹೋಗಬೇಡಿ, ಅಷ್ಟು ಎತ್ತರಕ್ಕೆ ಮೂಲೆಯಲ್ಲಿ ಹರಿದೇ ಹರಿಯುತ್ತದೆ. 500 ಗ್ರಾಮಿಗೆ 1 ಟೀ ಚಮಚ ಸಿಎಂಸಿ ಪುಡಿ (ಫಾಂಡಂಟ್ ಗಟ್ಟಿಯಾಗಿಸುವ ಪುಡಿ) ಸೇರಿಸಿ ನಾದಿ, 4 ಮಿ.ಮೀ. ದಪ್ಪ ಲಟ್ಟಿಸಿ, ನಾಲ್ಕು ಬದಿಗೆ ನಾಲ್ಕು ಹಲಗೆ ಕತ್ತರಿಸಿ. ಅರ್ಧ ಗಂಟೆ ಬಿಟ್ಟು ಅಂಟಿಸಿದರೆ ಮೂಲೆ ಚೂಪಾಗಿ ನಿಲ್ಲುತ್ತದೆ.

ಪ್ರತಿ ಬದಿಯಲ್ಲಿ ಎರಡು ಕಂಬಸಾಲು, ಸಾಲಿಗೆ ನಾಲ್ಕು ಚೌಕಟ್ಟು. ಮೇಲಿನ ಎರಡು ಕಿಟಕಿ, ಪ್ರತಿ ಕಿಟಕಿಗೆ ಆರು ಗಾಜು. ಇದನ್ನು ನಾಲ್ಕು ಗಾಜು ಮಾಡಿದ ಕೇಕುಗಳೇ ಜಾಸ್ತಿ ಕಾಣಸಿಗುತ್ತವೆ, ನೋಡಲು ಸಂಕಟವಾಗುತ್ತದೆ. ಟೆಲಿಫೋನಿನ ಫಲಕ ಎಡ ಬಾಗಿಲಲ್ಲಿ. ಬಿಳಿ ಕಿಟಕಿ ಚೌಕಟ್ಟು, ಬಲ ಬಾಗಿಲಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಲಾಂಛನ ಇಟ್ಟರೆ 1963ರ ಪೆಟ್ಟಿಗೆ. 2010ರಲ್ಲೂ ಅವೆರಡು ಮರಳಿ ಬಂದವು.

ಸಿದ್ಧವಾದ ಮೇಲೆ ಫ್ರಿಜ್‌ನಲ್ಲಿ ಇಡಬೇಡಿ. ಹೊರಗೆ ತೆಗೆದಾಗ ಬೆವರಿ ನೀಲಿ ಬಣ್ಣ ಬಿಳಿ ಕಿಟಕಿಗೆ ಇಳಿಯುತ್ತದೆ. ತಂಪಾದ ಕೋಣೆಯಲ್ಲಿ ಎರಡು ದಿನ ಏನೂ ಆಗುವುದಿಲ್ಲ.

ನೀಲಿಪೆಟ್ಟಿಗೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬರುವವರಲ್ಲಿ ಐದಾರು ಜನ ಮೊಟ್ಟೆ ತಿನ್ನುವುದಿಲ್ಲ. ಇದನ್ನೇ ಮೊಟ್ಟೆ ಇಲ್ಲದೆ ಮಾಡಬಹುದೇ? ಜೊತೆಗೆ ಡಾಕ್ಟರ್ ಹಂಚುತ್ತಿದ್ದ ಜೆಲ್ಲಿ ಬೇಬಿ ಮಿಠಾಯಿ ಇಡೋಣ ಅಂತಿದ್ದೆ.

ಸಕ್ಕರೆಪಾಕ

ನಿಲ್ಲಿಸುವ ಕೇಕು ಬೇಡ, ಮಲಗಿಸಿದ್ದು ಮಾಡಿ. ಕಂಡೆನ್ಸ್ಡ್ ಮಿಲ್ಕ್ 400 ಗ್ರಾಂ, ಮೈದಾ 250, ಕರಗಿಸಿದ ಬೆಣ್ಣೆ 100, ಬೇಕಿಂಗ್ ಪೌಡರ್ 2 ಟೀ ಚಮಚ, ಸೋಡಾ ಅರ್ಧ, ನೀರು 200 ಮಿ.ಲೀ., ವಿನೆಗರ್ 1 ದೊಡ್ಡ ಚಮಚ. ಇದು ಮೆತ್ತಗಿರುವುದರಿಂದ ಆರು ಪದರದ ಭಾರ ಹೊರುವುದಿಲ್ಲ. ಅಗಲ ಟ್ರೇಯಲ್ಲಿ ಬೇಯಿಸಿ, ಅಗಲಕ್ಕೆ ಎರಡರಷ್ಟು ಉದ್ದ ಕತ್ತರಿಸಿ, ಮೇಲೆ ಟಾರ್ಡಿಸ್‌ನ ಮುಂಬದಿ ಮಾತ್ರ ಬಿಡಿಸಿ. ಚೆನ್ನಾಗಿಯೇ ಕಾಣುತ್ತದೆ. ವಿನೆಗರ್ ಹಾಕಿದ ಕೂಡಲೇ ಒಲೆಗೆ ಹೋಗಬೇಕು, ತಡವಾದರೆ ಉಬ್ಬುವುದಿಲ್ಲ.

ಜೆಲ್ಲಿ ಬೇಬಿಗಳಲ್ಲಿ ಸಾಮಾನ್ಯವಾಗಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ. ಮೊಟ್ಟೆ ತಿನ್ನದವರ ಮುಂದೆ ಇಡುವ ಮೊದಲು ಇದು ತಿಳಿದಿರಲಿ. ಪೆಕ್ಟಿನ್‌ನಿಂದ ಮಾಡಿದ್ದನ್ನು ಹುಡುಕಿ, ಬಟ್ಟಲು ಬೇರೆ ಇಡಿ. ಫಾಂಡಂಟ್ ಪ್ಯಾಕೆಟ್ಟಿನ ಹಿಂಬದಿಯನ್ನೂ ಓದಿ.

ಡಬ್ಬಿಸಮೇತ

ಹಳೆಯ ಸಾಮಾನಿನ ಬಗ್ಗೆ. 1988ರಿಂದ ಬಂದ ಡ್ಯಾಪೋಲ್ ಕಂಪನಿಯ ಗೊಂಬೆಗಳನ್ನು ನೋಡಿ ಗಾಬರಿಯಾಗಬೇಡಿ: ಬೂದು ಬದಲು ಹಸಿರು ಬಣ್ಣದ ರೋಬೋಟ್ ನಾಯಿ ಕೆ9, ಒಂದರ ಬದಲು ಎರಡು ಕೈಯ ಖಳನಾಯಕ ಡೇವ್ರಾಸ್, ಆರರ ಬದಲು ಐದು ಬದಿಯ ಟಾರ್ಡಿಸ್ ಕನ್ಸೋಲ್ (ನಿಯಂತ್ರಣ ಮೇಜು). ಇವು ನಕಲಿಯಲ್ಲ, ಹಾಗೇ ತಯಾರಾದವು. ಸಂಗ್ರಹಕಾರರು ಇವನ್ನೇ ಹುಡುಕುತ್ತಾರೆ. ಸರಣಿಯ ಕಥೆಗಳನ್ನು ಕಾದಂಬರಿಯಾಗಿಸಿದ, 1973ರಲ್ಲಿ ಶುರುವಾದ ಟಾರ್ಗೆಟ್ ಪುಸ್ತಕಗಳಾದರೆ ಹಕ್ಕುಸ್ವಾಮ್ಯದ ಪುಟ ತೆರೆದು ಮರುಮುದ್ರಣದ ಸಾಲುಗಳನ್ನು ನೋಡಿ. ಮುಖಪುಟ ಹೊಳೆಯುತ್ತಿದ್ದರೂ ಬೆನ್ನು ಬಿಸಿಲಿಗೆ ಮಾಸಿರುತ್ತದೆ. ಮಾರುವವರು ಬೆನ್ನಿನ ಫೋಟೋ ಹಾಕದಿದ್ದರೆ ಕೇಳಿ ತರಿಸಿಕೊಳ್ಳಿ.

ಬ್ಯಾಟರಿಯಿಂದ ಓಡುವ ಡ್ಯಾಲೆಕ್ (ಲೋಹದ ಕವಚದೊಳಗಿನ, ಡಾಕ್ಟರ್‌ನ ಶತ್ರು ಜೀವಿ) ಆದರೆ ಮುಚ್ಚಳ ತೆಗೆಸಿ ನೋಡದೆ ಕೊಳ್ಳಬೇಡಿ. ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟಿದ್ದರೆ ಹತ್ತಿಕಡ್ಡಿಗೆ ವಿನೆಗರ್ ಮುಟ್ಟಿಸಿ ಒರೆಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಒಣಗಿಸಿ. ತಗಡಿನ ಪಟ್ಟಿಯೇ ತಿಂದುಹೋಗಿದ್ದರೆ ಬಿಟ್ಟುಬಿಡಿ. ಕಣ್ಣುಕಡ್ಡಿ, ತೋಳು ಮೂಲದ್ದೋ ಆಮೇಲೆ ಹಾಕಿದ್ದೋ ಎಂದು ನೇರವಾಗಿ ಕೇಳಿ.

ಕೊಳ್ಳುವ ಬದಲು ಒಂದು ಡ್ಯಾಲೆಕ್ ಮನೆಯಲ್ಲೇ ಮಾಡುವುದಾದರೆ, ರೇಮಂಡ್ ಕ್ಯೂಸಿಕ್ ಅವರ ವಿನ್ಯಾಸದಲ್ಲಿ ಕೆಳಲಂಗದ ಮೇಲೆ 56 ಅರ್ಧಗೋಳಗಳು: 14 ಸಾಲು, ಸಾಲಿಗೆ ನಾಲ್ಕು. ಅಂದರೆ ಥರ್ಮೋಕೋಲ್ ಚೆಂಡು 28 ತಂದು ಅರ್ಧ ಮಾಡಿ. ಸ್ಪ್ರೇ ಬಣ್ಣ, ದ್ರಾವಕದ ಅಂಟು ತಾಗಿದರೆ ಥರ್ಮೋಕೋಲ್ ಕರಗುತ್ತದೆ. ಪಿವಿಎ (ಬಿಳಿ) ಅಂಟು, ಅಕ್ರಿಲಿಕ್ ಬಣ್ಣ ಬಳಸಿ.

ಪ್ರದರ್ಶನದ ಮೇಜನ್ನು ಕಿಟಕಿಯಿಂದ, ಹೀಟರಿನಿಂದ ದೂರ ಇಡಿ. ಕೇಕಿನ ಮೇಜು ಬೇರೆಯೇ ಇರಲಿ, ನೀಲಿ ಫಾಂಡಂಟ್ ಮುಟ್ಟಿದ ಬೆರಳು ಟಾರ್ಗೆಟ್ ಪುಸ್ತಕದ ಅಂಚಿಗೆ ತಾಗಿದರೆ ಆ ಕಲೆ ಹೋಗುವುದಿಲ್ಲ.