ಅಪ್‌ಡೇಟ್: ಕೋಯಾಸಾನ್‌ಗೆ ಹೋಗಿ ಬಂದೆ

ಒಸಾಕಾದಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದೇನೆ, ಅಪ್ಪಟ ಸಸ್ಯಾಹಾರಿ, ವಾರಾಂತ್ಯಕ್ಕೆ ನಾರಾ ನಗರವೋ, ಬೌದ್ಧ ದೇವಸ್ಥಾನಗಳ ಬೆಟ್ಟದೂರು ಕೋಯಾಸಾನೋ ಅಂತ ಇಲ್ಲಿ ಕೇಳಿದ್ದೆ. ಕೋಯಾಸಾನ್ ಅಂದವರಿಗೆಲ್ಲ ಮನಸಾರೆ ಧನ್ಯವಾದ.

ನಂಬಾದಿಂದ ನಾಂಕಾಯ್ ರೈಲಿನಲ್ಲಿ ಗೊಕುರಾಕುಬಾಶಿ, ಅಲ್ಲಿಂದ ಕೇಬಲ್ ಕಾರ್, ಮೇಲೆ ಬಸ್. ರಾತ್ರಿ ಉಳಿದದ್ದು ದೇವಸ್ಥಾನದ ಶುಕುಬೊದಲ್ಲೇ, ಅಂದರೆ ಯಾತ್ರಿಕರ ವಸತಿಯಲ್ಲೇ.

ನನಗೆ ಊಟದ್ದೇ ಚಿಂತೆ ಇತ್ತು. ಜಪಾನಿನಲ್ಲಿ ಮಿಸೋ (ಹುದುಗಿಸಿದ ಸೋಯಾ) ಸೂಪಿಗೂ ಸಾಮಾನ್ಯವಾಗಿ ಮೀನಿನ ರಸ ಹಾಕುತ್ತಾರೆ. ಶುಕುಬೊದ ಶೋಜಿನ್ ಅಡುಗೆಯಲ್ಲಿ (ಬೌದ್ಧ ಸನ್ಯಾಸಿಗಳ ಸಸ್ಯಾಹಾರ) ಆ ಭಯವಿಲ್ಲ. ಕೊಂಬು ಎಂಬ ಕಡಲಕಳೆ, ಒಣ ಅಣಬೆಯಿಂದಲೇ ರಸ ತೆಗೆಯುತ್ತಾರೆ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ, ಥೇಟ್ ನಮ್ಮ ಮಠದ ಊಟ! ತೋಫುವಿನಂತೆ ಮೆತ್ತಗಿರುವ ಎಳ್ಳಿನ ಗೋಮಾದೋಫು ಇನ್ನೂ ನಾಲಿಗೆಯ ಮೇಲಿದೆ.

ಅಲ್ಲಿನ ಹಳೆಯ ಸ್ಮಶಾನ ಓಕುನೊಇನ್‌ನ ದಾರಿ ಸುಮಾರು 2 ಕಿ.ಮೀ. ಇಬ್ಬದಿಯಲ್ಲೂ ಮುಗಿಲೆತ್ತರದ ಸುಗಿ ಮರಗಳು, 2 ಲಕ್ಷಕ್ಕೂ ಹೆಚ್ಚು ಸಮಾಧಿಗಳು. 816ರಲ್ಲಿ ಚಕ್ರವರ್ತಿಯಿಂದ ಈ ಬೆಟ್ಟ ಪಡೆದ ಬೌದ್ಧ ಗುರು ಕೂಕಾಯ್, ಚೀನಾದಲ್ಲಿ ಸಂಸ್ಕೃತ ಕಲಿತು ಬಂದವರು. ಹಳೆಯ ಕಲ್ಲುಗಳ ಮೇಲೆ ಸಂಸ್ಕೃತ ಬರೆಯುವ ಸಿದ್ಧಂ ಲಿಪಿಯ ಅಕ್ಷರಗಳಿವೆ. ಅದೂ ನಮ್ಮ ಕನ್ನಡದಂತೆ ಬ್ರಾಹ್ಮಿಯ ಕುಡಿಯೇ. ಅಲ್ಲಿ ತುಂಬ ಹೊತ್ತು ನಿಂತೆ.

ಹೋಗುವವರು ಬೆಳಗಿನ ಪೂಜೆ ತಪ್ಪಿಸಬೇಡಿ. ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ, ಸ್ವೆಟರ್ ಇರಲಿ.