ಹಣೆಯ ಮೇಲಿನ ಹಳದಿ ಗುಳ್ಳೆಗಳು: ತೆಗೆಸಿಕೊಂಡವರು ಇದ್ದೀರಾ?

ನನಗೆ 51 ವರ್ಷ. ಹಣೆ, ಕೆನ್ನೆಗಳ ಮೇಲೆ ಸಾಸಿವೆ ಕಾಳಿನಷ್ಟು ಏಳೆಂಟು ಗುಳ್ಳೆಗಳು ಎದ್ದಿವೆ. ತುಸು ಹಳದಿ ಬಣ್ಣ, ನಡುವೆ ಸಣ್ಣ ಕುಳಿ. ನೋವು, ತುರಿಕೆ ಯಾವುದೂ ಇಲ್ಲ. ‘ಸೆಬೇಶಿಯಸ್ ಹೈಪರ್‌ಪ್ಲೇಸಿಯಾ, ಎಣ್ಣೆ ಗ್ರಂಥಿ ದಪ್ಪಗಾಗಿದೆ, ಏನೂ ಮಾಡಬೇಕಿಲ್ಲ’ ಎಂದು ವೈದ್ಯರು ಎರಡೇ ನಿಮಿಷದಲ್ಲಿ ಕಳುಹಿಸಿಬಿಟ್ಟರು. ಮುಂದಿನ ತಿಂಗಳು ಮಗಳ ಮದುವೆ. ಅನುಭವ ಇದ್ದವರು ಹೇಳಿ.

ಉತ್ತರ 1: ಒಂದೇ ತಿಂಗಳಿದ್ದರೆ ಈಗ ಮುಟ್ಟಲೇಬೇಡಿ. ನಾನು ಆರು ಗುಳ್ಳೆಗಳನ್ನು ವಿದ್ಯುತ್ ಸೂಜಿಯಿಂದ ಸುಡಿಸಿಕೊಂಡೆ. ಮರಗಟ್ಟಿಸುವ ಮುಲಾಮು ಹಚ್ಚಿದ್ದರಿಂದ ನೋವಾಗಲಿಲ್ಲ, ಹಕ್ಕಳೆ ವಾರದಲ್ಲಿ ಉದುರಿತು. ಆದರೆ ನಮ್ಮಂಥ ಕಂದು ಚರ್ಮದವರಿಗೆ ಸುಟ್ಟ ಜಾಗ ಕಪ್ಪಾಗುತ್ತದೆ. ನನ್ನ ಕಲೆ ಮಾಸಲು ನಾಲ್ಕು ತಿಂಗಳು ಹಿಡಿಯಿತು. ಗುಳ್ಳೆ ನನ್ನ ಕನ್ನಡಿಗೆ ಮಾತ್ರ ಕಾಣುತ್ತಿತ್ತು, ಕಲೆ ಇಡೀ ಬೀದಿಗೆ ಕಂಡಿತು! ಮರುವರ್ಷ ಎರಡು ಗುಳ್ಳೆಗಳು ಅಲ್ಲೇ ಮತ್ತೆ ಎದ್ದವು. ಗ್ರಂಥಿ ಚರ್ಮದೊಳಗೆ ಇರುವುದರಿಂದ ಮೇಲೆ ಮೇಲೆ ಸುಟ್ಟರೆ ಮರುಕಳಿಸುತ್ತದೆ, ಆಳಕ್ಕೆ ಸುಟ್ಟರೆ ಗುಳಿ ಬೀಳುತ್ತದೆ. ಲೇಸರ್‌ಗೂ ಈ ತೊಡಕು ತಪ್ಪಿದ್ದಲ್ಲ ಎಂದು ನನ್ನ ವೈದ್ಯೆ ಮೊದಲೇ ಹೇಳಿದ್ದರು, ಕೇಳುವ ತಾಳ್ಮೆ ನನಗಿರಲಿಲ್ಲ.

ಉತ್ತರ 2: ಚಿವುಟಬೇಡಿ. ಮೊಡವೆಯಲ್ಲಿ ಕೀವಾದರೂ ಇರುತ್ತದೆ, ಇಲ್ಲಿ ಬೆಳೆದಿರುವುದು ಗ್ರಂಥಿಯೇ. ನಡುವಿನ ಕುಳಿ ಅದರ ಬಾಯಿ. ನರಹುಲಿ ಎಂದು ತಿಳಿದು ನಮ್ಮ ಅತ್ತೆ ಸುಣ್ಣ, ಸೋಡಾ ಕಲಸಿ ಹಚ್ಚಿದರು. ಗುಳ್ಳೆ ಹೋಯಿತು, ಸುಟ್ಟ ಗುರುತು ಇಂದಿಗೂ ಇದೆ. ಕುದುರೆ ಕೂದಲು ಕಟ್ಟೋಣವೆಂದರೆ ಇದಕ್ಕೆ ತೊಟ್ಟೂ ಇಲ್ಲ.

ಉತ್ತರ 3: ನನ್ನದು ಮೂತ್ರಪಿಂಡ ಕಸಿ. ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಸೈಕ್ಲೋಸ್ಪೊರಿನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇವು ಹೆಚ್ಚಂತೆ. ಮುಖಕ್ಕಾಗಿ ಮಾತ್ರೆ ಬಿಡಲಾಗುತ್ತದೆಯೇ? ಹಾಗೆಯೇ ಇದ್ದೇನೆ.

ಉತ್ತರ 4: ತೀವ್ರ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯಿಂದ ನನ್ನವು ಚೆನ್ನಾಗಿ ಕುಗ್ಗಿದವು, ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಮರಳಿದವು. ತುಟಿ ಒಡೆದದ್ದು ಬೇರೆ. ಗರ್ಭಿಣಿಯರು, ಗರ್ಭ ಧರಿಸುವ ಸಾಧ್ಯತೆ ಇರುವವರು ಅದರ ಹತ್ತಿರವೂ ಸುಳಿಯಬಾರದು, ಮಗುವಿನ ಬೆಳವಣಿಗೆಗೆ ತೀವ್ರ ಹಾನಿ ಮಾಡುತ್ತದೆ.

ಉತ್ತರ 5: ‘ಏನೂ ಮಾಡಬೇಕಿಲ್ಲ’ ಎಂಬುದು ನಿಜ, ಆದರೆ ಪ್ರತಿ ಗುಳ್ಳೆಯನ್ನೂ ನೋಡಿ ಹೇಳಿದ್ದರೆ ಮಾತ್ರ. ನಮ್ಮ ತಂದೆಯ ಮುಖದಲ್ಲಿ ಐದಿದ್ದವು. ಒಂದು ಮಾತ್ರ ಮುತ್ತಿನಂತೆ ಹೊಳೆಯುತ್ತಿತ್ತು, ನಿಧಾನವಾಗಿ ಬೆಳೆಯುತ್ತಿತ್ತು, ಗಡ್ಡ ಹೆರೆಯುವಾಗ ತಾಗಿದರೆ ರಕ್ತ ಜಿನುಗುತ್ತಿತ್ತು. ವೈದ್ಯರು ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್‌ನಲ್ಲಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಅದು ಬೇಸಲ್ ಸೆಲ್ ಕ್ಯಾನ್ಸರ್, ಚರ್ಮದ ಕ್ಯಾನ್ಸರಿನ ಒಂದು ಬಗೆ. ಬೇಗ ಸಿಕ್ಕಿದ್ದರಿಂದ ಕತ್ತರಿಸಿ ತೆಗೆದರು, ಈಗ ಆರಾಮವಾಗಿದ್ದಾರೆ. ಉಳಿದ ನಾಲ್ಕು ಹಾಗೆಯೇ ಇವೆ.

ಕೇಳಿದವರು: ಮದುವೆ ಮುಗಿಯುವವರೆಗೆ ಸುಡಿಸುವ ಯೋಚನೆ ಬಿಟ್ಟೆ. ಎಡಗೆನ್ನೆಯದು ಮಾತ್ರ ಸಂಕ್ರಾಂತಿಯಿಂದೀಚೆಗೆ ದೊಡ್ಡದಾಗಿದೆಯೇನೋ ಎಂಬ ಅನುಮಾನ ಈಗ ಹುಟ್ಟಿದೆ. ಸೋಮವಾರ ಬೇರೆ ವೈದ್ಯರಿಗೆ ತೋರಿಸುತ್ತೇನೆ.