ಊರಿಗೆಲ್ಲ ಹೇಳುವ ಸಾಮ್ಯ ನನಗೇ ತಟ್ಟುತ್ತಿಲ್ಲ, ಏನು ಮಾಡಲಿ?

ನಾನು ಉಡುಪಿ ಕಡೆಯವಳು. ನಮ್ಮ ಕ್ರೈಸ್ತ ಸಭೆಯಿಂದ ಸೇವೆಗೆಂದು ಶಹಾಪುರದ ಹತ್ತಿರದ ಹಳ್ಳಿಗಳಿಗೆ ಕಳಿಸಿದ್ದಾರೆ. ಸಂಜೆ ಮಕ್ಕಳ ಪಾಠ, ಮನೆಭೇಟಿ, ಭಾನುವಾರ ವಾಕ್ಯ. ಯೇಸುಸ್ವಾಮಿಯ ಸಾಮ್ಯಗಳನ್ನೇ, ಅಂದರೆ ಅವರು ಹೇಳಿದ ದೃಷ್ಟಾಂತ ಕಥೆಗಳನ್ನೇ, ಹೆಚ್ಚು ಹೇಳುತ್ತೇನೆ, ಜನ ಖುಷಿಯಿಂದ ಕೇಳುತ್ತಾರೆ. ಆದರೆ ಈಗೀಗ ಬೈಬಲ್ ತೆರೆದರೆ ಭಾನುವಾರಕ್ಕೆ ಏನು ಸಿಗುತ್ತದೆ ಎಂದಷ್ಟೇ ಕಣ್ಣು ಹುಡುಕುತ್ತದೆ. ನನಗೆ ಅಂತ ಏನೂ ಉಳಿಯುತ್ತಿಲ್ಲ. ಈ ಕಡೆ ಸೇವೆ ಮಾಡಿದವರು ಇದನ್ನು ಹೇಗೆ ದಾಟಿದಿರಿ?

ಕಲಬುರಗಿಯಿಂದ ಒಬ್ಬರು:
ವಂದನೆ ತಂಗಿ. ಸಾಮ್ಯದಾಗ ಯಾವ ಕೆಲಸದ ಮಾತು ಬರ್ತದೋ, ಆ ಕೆಲಸ ನಡಿಯೋ ಜಾಗಕ್ಕ ಹೋಗಿ ನಿಂತು ಬಾ. ಬೈಬಲ್‌ನ ಮತ್ತಾಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಕೂಲಿಯವರ ಸಾಮ್ಯ ನನಗ ತೆರೆದದ್ದು ಕೂಲಿಯವರು ನಿಲ್ಲೋ ಚೌಕದಾಗ. ಮುಂಜಾನೆ ಸುತ್ತಲ ಹಳ್ಳಿಯವರು ಸಲಿಕಿ, ಬುಟ್ಟಿ ಹಿಡ್ಕೊಂಡು ಬಂದು ನಿಂತಿರ್ತಾರ. ಗುತ್ತೇದಾರ ಬಂದು ಗಟ್ಟಿಮುಟ್ಟಾದ ಹುಡುಗರನ್ನ ಆರಿಸ್ಕೊಂಡು ಹೋಗ್ತಾನ. ಬಿಸಿಲೇರಿದ ಮ್ಯಾಲೆ ಅಲ್ಲಿ ಉಳಿಯೋರು ಯಾರು? ವಯಸ್ಸಾದವರು, ಕೈಕೂಸಿನ ತಾಯಂದಿರು. ಒಬ್ಬ ಮುದುಕ ಬುತ್ತಿ ಗಂಟು ಬಿಚ್ಚದೆ ತೊಡಿ ಮ್ಯಾಲಿಟ್ಕೊಂಡು ಕುಂತಿದ್ದ. ಊಟ ಮಾಡ್ರಿ ಅಜ್ಜಾ ಅಂದೆ. 'ಕೆಲಸ ಸಿಕ್ಕಿಲ್ಲಪ್ಪ, ಈಗ ಉಂಡ್ರ ರಾತ್ರಿಗೇನು?' ಅಂದ.

ಸಾಮ್ಯದಾಗ ಯಜಮಾನ ಸಂಜಿ ಐದಕ್ಕ ಬಂದು, ಯಾಕ ದಿನವೆಲ್ಲ ಸುಮ್ಮನ ನಿಂತೀರಿ ಅಂತ ಕೇಳ್ತಾನಲ್ಲ, ಅವರು ಏನಂತಾರ ನೋಡು: ಯಾರೂ ನಮ್ಮನ್ನ ಕೂಲಿಗೆ ಕರೀಲಿಲ್ಲ. ಆ ಉತ್ತರದಾಗ ಆಲಸ್ಯ ಇಲ್ಲ, ಮುಂಜಾನಿಂದ ನಿಂತು ಸೋತವರ ದನಿ ಅದ. ಕಡೀಕ ಯಜಮಾನ ಮುಂಜಾನಿಂದ ದುಡಿದವರಿಗೂ ಸಂಜಿಗೆ ಬಂದವರಿಗೂ ಒಂದೊಂದು ದಿನಾರಿ ನಾಣ್ಯನ ಕೊಡಿಸ್ತಾನ. ಆ ಕಾಲದ ಒಂದು ದಿನಾರಿ ಅಂದ್ರ ಕೂಲಿಯವನ ಒಂದು ದಿನದ ಪಗಾರ. ಅರ್ಧ ಕೊಟ್ರ ಆ ಮನಿಯಾಗ ಅರ್ಧ ಹೊಟ್ಟಿ. ಸಂಜಿಗೇ ಕೊಡಿಸಿದ್ದೂ ಸುಮ್ಮನಲ್ಲ, ಕೂಲಿಯವನ ಕೂಲಿ ಮರುದಿನದ ತನಕ ಇಟ್ಕೋಬಾರದು ಅಂತ ಯಾಜಕಕಾಂಡ 19ರಾಗ ಕಟ್ಟಳೆ ಅದ. ಇಷ್ಟಾದ ಮ್ಯಾಲೆ ನನ್ನ ಪಾಲಿಂದು: ಸೇವೆಯೊಳಗ ಹೊಸಬರಿಗೆ ಹಾರ ಬಿದ್ದಾಗ 'ನಾವು ಮುಂಜಾನಿಂದ ದುಡಿದವರು' ಅನ್ನೋ ಮಾತು ಬಾಯಿ ತನಕ ಬರ್ತದ. ಆವಾಗ ನನಗ ಆ ಬುತ್ತಿ ಗಂಟು ನೆನಪಾಗ್ತದ, ಮಾತು ಒಳಗೇ ಉಳೀತದ.

ಯಾದಗಿರಿಯಿಂದ:
ಅಣ್ಣಾರ, ಅದೇ ಚೌಕದಾಗ ಹೆಣ್ಮಕ್ಕಳ ಕೂಲಿ ಗಂಡಸರಕಿಂತ ಕಡಿಮಿ ಅನ್ನೋದನ್ನೂ ಸೇರಿಸ್ರಿ. ಸಮ ಕೂಲಿ ಕೊಟ್ಟ ಯಜಮಾನನ ಕಥಿ ಕೇಳಿದ್ರ ನಮ್ಮ ಸಂಘದ ಹೆಣ್ಮಕ್ಕಳು ಮೊದಲು ನಗ್ತಾರ, ಆಮ್ಯಾಲೆ 'ಇನ್ನೊಮ್ಮಿ ಹೇಳ್ರಿ' ಅಂತಾರ.

ಕಲಬುರಗಿ ಧರ್ಮಪ್ರಾಂತ್ಯದ ಸಿಸ್ಟರ್ ಒಬ್ಬರು:
ಪ್ರಸಂಗದ ನೋಟ್‌ಬುಕ್ ಮುಚ್ಚಿಟ್ಟು ಓದಿ, ಪ್ರಸಂಗಕ್ಕೆ ಹುಡುಕುವುದು, ನಿಮಗಾಗಿ ಓದುವುದು ಎರಡೂ ಒಟ್ಟಿಗೆ ಆಗುವುದಿಲ್ಲ. 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಧ್ಯಾನದ ಕ್ರಮ ನಮ್ಮಲ್ಲಿ ರೂಢಿಯಲ್ಲಿದೆ: ಕಥೆಯೊಳಗೆ ಹೊಕ್ಕು ಕೂರುವುದು, ಅಲ್ಲಿ ಏನು ಕಾಣಿಸುತ್ತದೆ, ಏನು ಕೇಳಿಸುತ್ತದೆ ಎಂದು ನಿಧಾನವಾಗಿ ಗಮನಿಸುವುದು. ಲೂಕ 15ರಲ್ಲಿ ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ ಮನೆ ಗುಡಿಸುತ್ತಾಳಲ್ಲ, ಅಲ್ಲಿ ನಾನು ಒಮ್ಮೆ ಆ ನಾಣ್ಯವೇ ಆಗಿ ಕೂತೆ. ನಾಣ್ಯ ತಾನಾಗಿ ಏನೂ ಮಾಡುವುದಿಲ್ಲ, ಬಿದ್ದಲ್ಲೇ ಬಿದ್ದಿರುತ್ತದೆ. ಓಡಾಡಿ ದಣಿದ ದಿನ ಅದಕ್ಕಿಂತ ಸಮಾಧಾನ ಬೇರೆ ಇಲ್ಲ.

ಆಳಂದದಿಂದ:
ನಾ ಒಕ್ಕಲುತನ ಮಾಡ್ಕೊಂಡೇ ಸಭೆ ನೋಡ್ಕೊಳ್ಳಾಂವ. ಬಿತ್ತುವವನ ಸಾಮ್ಯ ಹೇಳಿದಾಗ ನಮ್ಮ ಕಾಕಾ ನಡುವೆ ತಡೆದು ಕೇಳಿದ್ರು, 'ದಾರಿ ಮ್ಯಾಲೆ, ಮುಳ್ಳಿನಾಗ ಬೀಜ ಚೆಲ್ತಾನಂದ್ರ ಅವನಿಗೆ ಬೀಜದ ರೇಟ್ ಗೊತ್ತಿಲ್ಲೇನು?' ನಾವು ಕೂರಿಗಿ ಹಿಡಿದು ಸಾಲಿನಾಗ ಬಿತ್ತೋರು. ಸಾಮ್ಯದ ನಾಡಿನಾಗ ಕೈಯಿಂದ ಬೀಸಿ ಚೆಲ್ಲೋ ರೂಢಿ. ಆದ್ರ ಕಾಕಾನ ಪ್ರಶ್ನೆ ನನ್ನ ತಲ್ಯಾಗ ಕುಂತುಬಿಟ್ಟದ. ಸಾಮ್ಯದಾಗ ಬೀಜ ಅಂದ್ರ ದೇವರ ವಾಕ್ಯ. ಅದನ್ನ ಯಾವ ಓಣಿಯಾಗ ಜನ ಕೇಳ್ತಾರ, ಯಾವುದ್ರಾಗ ಕೇಳಲ್ಲ ಅಂತ ಆರಿಸಿ ಆರಿಸಿ ಹೋಗೋದು ನಮ್ಮ ಕೂರಿಗಿ ಬುದ್ಧಿ. ಸಾಮ್ಯದಾಂವ ಹಂಗ ಆರಿಸಲ್ಲ.

ಇನ್ನೊಂದು. ಅದೇ ಸಾಮ್ಯದಾಗ ಕೆಲವು ಬೀಜ ಬಂಡೆನೆಲದಾಗ ಬಿದ್ದು ಬೇಗ ಮೊಳೆತು ಬಾಡ್ತಾವ. ಆ ಬಂಡೆನೆಲ ಅಂದ್ರೇನು ಅಂತ ನೋಡಬೇಕಂದ್ರ ಬೀದರ್ ಕಡಿ ಕೆಂಪು ನೆಲಕ್ಕ ಹೋಗ್ರಿ. ಎಷ್ಟೋ ಕಡಿ ಮ್ಯಾಲೆ ಗೇಣು ಮಣ್ಣು, ಕೆಳಗ ಜಂಬಿಟ್ಟಿಗೆ ಕಲ್ಲು. ಮಳಿ ಬಿದ್ದ ಕೂಡಲೇ ಹಸಿರು, ಮಳಿ ಕೈಕೊಟ್ರ ಅಷ್ಟೇ ಲಗೂ ಬಾಡ್ತದ. ನಮ್ಮ ಕರಿ ಭೂಮಿ ತೊಗರಿ ಹಂಗಲ್ಲ, ಬೇರು ಆಳಕ್ಕ ಇಳೀತದ. ಜೂನ್, ಜುಲೈದಾಗ ಬಿತ್ತಿದ್ದು ರಾಶಿ ಆಗಬೇಕಂದ್ರ ಡಿಸೆಂಬರ್, ಜನವರಿ. ನಡುವಿನ ತಿಂಗಳು ಹೊಲ ನೋಡಿದ್ರ ಏನೂ ಅನ್ನಿಸಲ್ಲ. ನಿಮ್ಮದು ಈಗ ಆ ನಡುವಿನ ತಿಂಗಳು ಇರಬೇಕು.

ಬೀದರ್‌ನಿಂದ, ಮೆಥೋಡಿಸ್ಟ್ ಸಭಾಪಾಲಕರ ಮನೆಯವರು:
ಲೂಕ 15ರಾಗೇ ತಪ್ಪಿಹೋದ ಮಗನ ಸಾಮ್ಯ ಅದ: ಸಣ್ಣ ಮಗ ತನ್ನ ಪಾಲು ತಗೊಂಡು ಮನಿ ಬಿಟ್ಟುಹೋಗಿ, ಎಲ್ಲಾ ಕಳ್ಕೊಂಡು ತಿರುಗಿ ಬರ್ತಾನ. ಅದನ್ನ ನಾನು ದೊಡ್ಡ ಮಗನ ಕಡಿಂದ ಓದ್ತೀನಿ. ಮನಿ ಬಿಡದೆ ದುಡಿದಾಂವ ಅವನೇ. ಸೇವೆಯವರ ಮನಿಯಾಗ ಅಂಥ ದೊಡ್ಡ ಮಕ್ಕಳೇ ಹೆಚ್ಚು, ನನ್ನನ್ನೂ ಸೇರಿಸಿ. ತಮ್ಮ ಬಂದಾಗ ಓಡಿಹೋದ ಅಪ್ಪ, ಸಿಟ್ಟಾಗಿ ಅಂಗಳದಾಗ ನಿಂತ ಈ ಮಗನಿಗೂ ಹೊರಗ ಬಂದು ಬೇಡ್ಕೊಂತಾನ. ಅವನು ಒಳಗ ಹೋದನೋ ಇಲ್ಲೋ, ಲೂಕ ಬರದಿಲ್ಲ. ನಾ ಒಂದೊಂದು ದಿನ ಹೋಗ್ತೀನಿ, ಒಂದೊಂದು ದಿನ ಅಂಗಳದಾಗೇ ನಿಂತಿರ್ತೀನಿ.

ಹುಮನಾಬಾದ್‌ನಿಂದ, ನಿವೃತ್ತ ಸೇವಕರು:
ಎಲ್ಲರೂ ಛಲೋ ಹೇಳಿದ್ರಿ, ಆದ್ರ ನನಗ ಒಂದು ತಕರಾರು ಅದ. ಓದಿದ್ದೆಲ್ಲ ದಿನಾ ತಟ್ಟಬೇಕು ಅನ್ನೋ ಹಟ ಯಾಕ? ಮಾರ್ಕ 4ರಾಗ ಬೀಜ ಬಿತ್ತಿದಾಂವ ರಾತ್ರಿ ಮಲಗ್ತಾನ, ಮುಂಜಾನೆ ಏಳ್ತಾನ, ಬೀಜ ಹೆಂಗ ಬೆಳೀತು ಅಂತ ಅವನಿಗೇ ಗೊತ್ತಿಲ್ಲ. ಮಗಳೇ, ನಿನಗ ಊರಿನ ನೆನಪು, ನಿದ್ದಿ ಕಡಿಮಿ, ಇವೂ ಕಾರಣ ಇರಬಹುದು. ಮಕ್ಕಳ ಪಾಠ ಯಾರಿಗಾದ್ರೂ ಒಪ್ಪಿಸಿ, ರಜಾ ಕೇಳಿ ಉಡುಪಿಗೆ ಹೋಗಿ ಬಾ. ಅಮ್ಮನ ಕೈಯಡಿಗಿ ಉಂಡು, ಮೊದಲು ಎರಡು ದಿನ ಮಲಗು.